ಅಕ್ಕನ ಹೆಸರಿನಲ್ಲಿ ದಾಟಿದ ಸೇತುವೆ

ಮಿಲ್ಟನ್‌ನಲ್ಲಿ ನಾನು ಡ್ರೈವಿಂಗ್ ಕಲಿಸುತ್ತೇನೆ. ಹುಬ್ಬಳ್ಳಿಯಲ್ಲಿ ಮೊಪೆಡ್ ಓಡಿಸಿದ್ದು ಬಿಟ್ಟರೆ ಬೇರೆ ಗಾಡಿ ಮುಟ್ಟದೆ ಈ ದೇಶಕ್ಕೆ ಬಂದವಳು. ಇಲ್ಲಿ ಚಳಿಯಲ್ಲಿ ಬಸ್ಸಿಗೆ ಕಾದು ಕಾದು ಬೇಸತ್ತು ಕಾರು ಕಲಿತೆ. ಕಲಿತ ಮೇಲೆ ಕಲಿಸುವುದೂ ನನಗೆ ಬರುತ್ತದೆ ಎಂದು ಗೊತ್ತಾಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡನ ಪಕ್ಕ ಕೂತು ಕಲಿಯಲು ಹೋಗಿ ಜಗಳವಾಡಿ ಬಂದವರು, ಟೆಸ್ಟಿನಲ್ಲಿ ಫೇಲಾಗಿ ಅತ್ತು ಬಂದವರು. ನನ್ನ ಕೈಯಲ್ಲಿ ಪಳಗಿದವರು ರಸ್ತೆಗೆ ಹೆದರುವುದಿಲ್ಲ. ಈ ಮಾತಿನಲ್ಲಿ ಜಂಬ ಇದೆಯೇ ಎಂದರೆ, ಇದೆ.

ಪಾಠದ ಗಾಡಿಯಲ್ಲಿ ನನ್ನವು ಎರಡು ಕಟ್ಟಳೆ. ಹಿಂದಿನ ಸೀಟಿನಲ್ಲಿ ಯಾರೂ ಕೂರಬಾರದು. ಚಕ್ರ ತಿರುಗುತ್ತಿರುವಾಗ ಹರಟೆ ಇರಬಾರದು. ಎರಡನೆಯದನ್ನು ಇವತ್ತಿಗೂ ಸಡಿಲಿಸಿಲ್ಲ. ಮೊದಲನೆಯದನ್ನು ಒಂದೇ ಒಂದು ಮನೆಗಾಗಿ ಮುರಿದೆ.

ಆ ಮನೆ ನಮ್ಮ ಹಿಂದಿನ ಬೀದಿಯಲ್ಲಿದೆ. ಅಲ್ಬೇನಿಯಾದಿಂದ ಬಂದವರು. ಮನೆಯ ಯಜಮಾನ ಬಾತ್‌ರೂಮು, ಅಡುಗೆಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವನು. ಅವನ ಹೆಂಡತಿ ನಲವತ್ತು ದಾಟಿದ, ಮೆಲುದನಿಯ ಹೆಂಗಸು. ಜೊತೆಗೆ ಅವನ ತಾಯಿ, ತೊಂಬತ್ತರ ಹತ್ತಿರದ ಅಜ್ಜಿ. ಮೂವರ ಹೆಸರೂ ಇಲ್ಲಿ ಬೇಡ. ನನ್ನ ಮನಸ್ಸಿನಲ್ಲಿ ಅವರು ಮಗ, ಸೊಸೆ, ಅಜ್ಜಿ ಎಂದೇ ಇದ್ದಾರೆ.

ಒಂದು ಸೆಪ್ಟೆಂಬರಿನ ಮಧ್ಯಾಹ್ನ ನಾನು ಕಾರು ತೊಳೆಯುತ್ತಿದ್ದಾಗ ಸೊಸೆ ನಮ್ಮ ಡ್ರೈವ್‌ವೇಗೆ ಬಂದು ನಿಂತಳು.

“ಟೀಚರ್, ನನಗೆ ಥಾರ್ನ್‌ಹಿಲ್‌ವರೆಗೆ ಓಡಿಸೋಕೆ ಬರಬೇಕು.”

“ಎಲ್ಲರೂ ಟೆಸ್ಟ್ ಪಾಸಾಗಬೇಕು ಅಂತ ಬರ್ತಾರೆ. ನೀನು ಊರಿನ ಹೆಸರು ಹೇಳ್ತಿದ್ದೀಯಲ್ಲ?”

“ಟೆಸ್ಟ್ ಆಮೇಲೆ. ಅಲ್ಲಿಗೆ ಅತ್ತೆಯನ್ನ ಕರ್ಕೊಂಡು ಹೋಗಬೇಕು. ಅವರ ಗೆಳತಿ ಇದ್ದಾರೆ.”

ಮಗ ಏಣಿಯಿಂದ ಬಿದ್ದು ಭುಜ ಮುರಿದುಕೊಂಡಿದ್ದ. ಹಲವು ತಿಂಗಳು ಸ್ಟಿಯರಿಂಗ್ ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದರು. ಟ್ಯಾಕ್ಸಿಯಲ್ಲಿ ಅಜ್ಜಿಗೆ ತಲೆಸುತ್ತು, ವಾಂತಿ. ಒಮ್ಮೆ ಅರ್ಧ ದಾರಿಯಿಂದಲೇ ವಾಪಸು ಬಂದಿದ್ದರಂತೆ. ಅಷ್ಟೇ ತಾನೇ ಎಂದು ನಾನು, “ಈ ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ, ಬಿಡು” ಎಂದೆ. ಸೊಸೆ ಬೇಡವೆಂದು ತಲೆಯಾಡಿಸಿದಳು.

“ಒಂದು ಸಲ ನೀವು ಕರ್ಕೊಂಡು ಹೋಗ್ತೀರಿ. ಎರಡನೇ ಸಲವೂ ಹೋಗ್ತೀರಿ. ಮೂರನೇ ಸಲ ಕೇಳೋಕೆ ನನಗೇ ನಾಚಿಕೆ ಆಗುತ್ತೆ. ಅವರಿಬ್ಬರಿಗೂ ಇನ್ನು ಎಷ್ಟು ಭಾನುವಾರ ಉಳಿದಿವೆಯೋ ಅಷ್ಟೂ ಭಾನುವಾರ ಹೋಗಬೇಕು, ಟೀಚರ್. ಅದಕ್ಕೆ ನಾನೇ ಕಲೀಬೇಕು.”

ಕಲಿಯಲು ಬರುವವರಲ್ಲಿ ಇಷ್ಟು ಖಚಿತವಾದ ಕಾರಣ ಹೇಳಿದವರನ್ನು ನಾನು ಕಂಡಿರಲಿಲ್ಲ. ಮರುದಿನವೇ ಶುರು ಮಾಡಿದೆ. ಆದರೆ ಹಗಲಿನಲ್ಲಿ ಮಗ ಫಿಸಿಯೋಥೆರಪಿಗೆ ಹೋದಾಗ ಅಜ್ಜಿಯನ್ನು ಒಬ್ಬರೇ ಬಿಡುವಂತಿರಲಿಲ್ಲ. ಹಾಗಾಗಿ ಬಿಳಿ ಸ್ಕಾರ್ಫು ಕಟ್ಟಿದ, ಮೊಣಕಾಲ ಮೇಲೆ ಕೈಚೀಲ ಇಟ್ಟುಕೊಂಡ ಅಜ್ಜಿ ಹಿಂದಿನ ಸೀಟಿನಲ್ಲಿ ಕೂತರು. ನನ್ನ ಗಂಡನಿಗೆ ಇದು ಸರಿಬೀಳಲಿಲ್ಲ.

“ಕ್ಲಾಸಿನ ಗಾಡ್ಯಾಗ ಮೂರನೇದವ್ರನ್ನ ಕೂಡಿಸ್ಕೊಂಡು ಹೊಂಟೀಯಲ್ಲ, ನಾಳೆ ಏನರ ಆದ್ರ ಯಾರು ಹೊಣಿ?”

“ನಾನ ಹೊಣಿ. ಅಜ್ಜಿ ಬೆಲ್ಟ್ ಹಾಕ್ಕೊಂಡಿರ್ತಾಳ, ನನ್ನ ಕಾಲು ನನ್ನ ಕಡಿ ಬ್ರೇಕಿನ ಮ್ಯಾಲೆ ಇರ್ತದ.”

“ಇನ್ಶೂರೆನ್ಸಿನವ್ರನ್ನ ಕೇಳೀ?”

“ಕೇಳೀನ್ರಿ. ಬೆಲ್ಟ್ ಇದ್ರ ನಡೀತದ ಅಂದ್ರು. ಇನ್ನೇನರ ಉಳೀತೇನು?”

ಅವರು ಚಹಾ ಕುಡಿಯಲು ಹೋದರು.

ಸೊಸೆಗೆ ಕೈ ಇತ್ತು, ಧೈರ್ಯವಿರಲಿಲ್ಲ. ಎಡಕ್ಕೆ ತಿರುಗುವಾಗ ಎದುರಿನಿಂದ ಟ್ರಕ್ ಬಂದರೆ ಸ್ಟಿಯರಿಂಗ್ ಹಿಡಿದು ಕಲ್ಲಾಗಿಬಿಡುವಳು. ಅವಸರದಲ್ಲಿ ನನ್ನ ಬಾಯಿಂದ ಇಂಗ್ಲಿಷ್ ಬರುವುದಿಲ್ಲ, “ಸಾವಕಾಶ! ಸಾವಕಾಶ!” ಎಂದು ಕೂಗುತ್ತಿದ್ದೆ. ವಾರದೊಳಗೆ ಆ ಮಾತು ಹಿಂದಿನ ಸೀಟಿನಿಂದಲೂ ಕೇಳತೊಡಗಿತು. ಅಜ್ಜಿ ನನಗಿಂತ ಮೊದಲೇ ಕೂಗುವರು. ಅವರ ಬಾಯಲ್ಲಿ ಅದು “ಸಾಕಾಸ್” ಆಗಿತ್ತು.

ಅರ್ಧ ಪಾಠವಾದ ಮೇಲೆ ಪ್ಲಾಜಾದ ಪಾರ್ಕಿಂಗ್ ಲಾಟಿನಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿಯುವುದು ರೂಢಿಯಾಯಿತು. ಥಾರ್ನ್‌ಹಿಲ್‌ನ ಗೆಳತಿ ಯಾರೆಂದು ನಾನು ಕೇಳಿದ್ದು ಅಲ್ಲಿಯೇ. ನಾನೂ ಸೊಸೆಯೂ ಮಾತಾಡುವುದು ಇಂಗ್ಲಿಷಿನಲ್ಲಿ. ಅಜ್ಜಿಯದು ಅಲ್ಬೇನಿಯನ್, ಸೊಸೆ ಅದನ್ನು ಇಂಗ್ಲಿಷಿಗೆ ತರುವಳು. ನಾಲ್ಕೈದು ಪಾಠಗಳ ನಡುವೆ ತುಂಡು ತುಂಡಾಗಿ ಕೇಳಿದ್ದನ್ನು ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಅಜ್ಜಿಯ ಅಪ್ಪ ಅಲ್ಬೇನಿಯಾದ ಒಂದು ಸಣ್ಣ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಕೊಸೊವೊ ಕಡೆಯಿಂದ ಒಬ್ಬ ಯಹೂದಿ ವ್ಯಾಪಾರಿ ಗುಂಡಿ, ದಾರ, ಲೇಸು ಹೊತ್ತುಕೊಂಡು ಅವನ ಅಂಗಡಿಗೆ ಬರುತ್ತಿದ್ದ. ವ್ಯಾಪಾರ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಎರಡು ದಿನ ಉಳಿಯುತ್ತಿದ್ದ. ಇಬ್ಬರೂ ಅಂಗಡಿಯ ಮುಂದೆ ಕೂತು ಪಗಡೆಯಂಥ ಒಂದು ಆಟ ಆಡುವರು, ಬೈದಾಡುವರು, ಮತ್ತೆ ಕಾಫಿ ತರಿಸುವರು. ಹಾಗೆ ವರ್ಷಗಟ್ಟಲೆ ನಡೆದ ಸ್ನೇಹ.

ಯುದ್ಧ ಬಂತು. ಗಡಿಯಾಚೆ ಯಹೂದಿಗಳನ್ನು ಹಿಡಿದು ಸಾಗಿಸುವುದು ಶುರುವಾಯಿತು. ಒಂದು ದಿನ ಆ ವ್ಯಾಪಾರಿ ಹೆಂಡತಿಯನ್ನೂ ಎಳೆಯ ಮಗಳನ್ನೂ ಕರೆದುಕೊಂಡು ಇವರ ಬಾಗಿಲಿಗೆ ಬಂದ. ಈ ಸಲ ಅವನ ಬೆನ್ನ ಮೇಲೆ ಗುಂಡಿಗಳ ಗಂಟಿರಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಅಮ್ಮ ಮೇಲಿನ ಕೋಣೆ ಗುಡಿಸಿದಳು. ಆಗ ಅಲ್ಬೇನಿಯಾ ಇಟಲಿಯವರ ಹಿಡಿತದಲ್ಲಿತ್ತು. ತಲೆ ತಗ್ಗಿಸಿಕೊಂಡಿದ್ದರೆ ಬದುಕಬಹುದಿತ್ತು. ಅಜ್ಜಿಗಿಂತ ಆ ಹುಡುಗಿ ಎರಡು ವರ್ಷಕ್ಕೆ ದೊಡ್ಡವಳು. ಒಂದೇ ಹಾಸಿಗೆ, ಒಂದೇ ಬಾಚಣಿಗೆ. ಮಾತಂತೂ ಹುಡುಗಿಗೆ ಬೇಗ ಹತ್ತಿತು. ಅವಳ ತಾಯಿಗೆ ಮಾತ್ರ ನಾಲಿಗೆ ಹೊರಳಲಿಲ್ಲ. ನೀರು ಕೇಳಿದರೂ ಹೊರಗಿನವಳು ಎಂದು ಗೊತ್ತಾಗುತ್ತಿತ್ತು.

ಆಮೇಲೆ ಇಟಲಿಯವರು ಹೋಗಿ ಜರ್ಮನ್ ಸೈನ್ಯ ಬಂತು. ಯಹೂದಿಗಳನ್ನು ಹುಡುಕುತ್ತಾರೆ, ಬಚ್ಚಿಟ್ಟವರನ್ನೂ ಬಿಡುವುದಿಲ್ಲ ಎಂಬ ಮಾತು ಊರಲ್ಲಿ ಹಬ್ಬಿತು. ವ್ಯಾಪಾರಿ ಬೆಳಗ್ಗೆಯೇ ಬಟ್ಟೆ ಕಟ್ಟಿಕೊಂಡು ಕೆಳಗೆ ಬಂದ.

“ನಾವು ಹೊರಡ್ತೀವಿ. ನಮ್ಮಿಂದ ನಿನ್ನ ಮಕ್ಕಳು ಸಾಯೋದು ಬೇಡ.”

“ನನ್ನ ಬೆಸಾ ಇದೆ. ಮೇಲೆ ಹೋಗು,” ಎಂದ ಅಪ್ಪ.

ಈ ಮಾತು ಬಂದಾಗ ನಾನು ಸೊಸೆಯನ್ನು ತಡೆದು, ಏನದು ಎಂದು ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಪದ ಹುಡುಕಿ ಸೋತಳು. ಆಣೆ ಅಂದರೆ ಆಣೆ ಅಲ್ಲ, ನಂಬಿಕೆ ಅಂದರೆ ಅಷ್ಟೇ ಅಲ್ಲ. ಮನೆಗೆ ಬಂದವನ ಜೀವ ಇನ್ನು ನನ್ನದು ಎಂದು ಬಾಯಿಬಿಟ್ಟು ಹೇಳಿದ ಮಾತು, ಅದು ಹೋದರೆ ಮನುಷ್ಯನೂ ಹೋದ ಹಾಗೆ. “ಅದಕ್ಕೆ ನಮ್ಮಲ್ಲಿ ಭಾಷೆ ಅಂತಾರೆ. ಭಾಷೆ ಕೊಡೋದು,” ಎಂದೆ. ಅಜ್ಜಿ ಮುಂದಕ್ಕೆ ಬಾಗಿ, “ಬೆಸಾ,” ಎಂದರು, ನನ್ನನ್ನು ತಿದ್ದುವವರ ಹಾಗೆ. “ಭಾಷೆ,” ಎಂದೆ ನಾನೂ, ಬಿಡದೆ. ಇಬ್ಬರೂ ನಕ್ಕೆವು.

ಭಾಷೆ ಕೊಟ್ಟವನು ಅಪ್ಪ; ದಾರಿ ಯೋಚಿಸಿದವಳು ಅಮ್ಮ. ಅವಳ ತವರು ಬೆಟ್ಟದ ಮೇಲಿನ ಹಳ್ಳಿ. ಗಾಡಿ ಹೋಗುವ ರಸ್ತೆಯಿಲ್ಲ, ಸೈನಿಕರಿಗೆ ಅಲ್ಲಿ ಕೆಲಸವಿಲ್ಲ. ಹೆಣ್ಣುಮಗಳು ತವರಿಗೆ ಹೋಗುವುದನ್ನು ಯಾವ ಸರ್ಕಾರವೂ ಅನುಮಾನಿಸುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ವ್ಯಾಪಾರಿಯನ್ನು ಅವಳ ಅಣ್ಣ ಬಂದು ಸೌದೆಯವನ ವೇಷದಲ್ಲಿ ಕಾಡುದಾರಿ ಹಿಡಿಸಿ ಕರೆದೊಯ್ದ. ಉಳಿದವರು ಹೆಂಡತಿ ಮತ್ತು ಮಗಳು. ಅವರು ಅಮ್ಮನ ಜೊತೆ ನೇರ ರಸ್ತೆಯಲ್ಲೇ ಹೋಗಬೇಕು, ನದಿಯ ಸೇತುವೆ ದಾಟಬೇಕು. ಸೇತುವೆಯ ಮೇಲೆ ಕಾವಲಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಮ್ಮ ಆ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ತನ್ನ ಮಗಳಿಗೆ ಹೆಣೆಯುವ ಹಾಗೆಯೇ ಎರಡು ಜಡೆ ಹೆಣೆದಳು. ಹೆಣೆಯುತ್ತಲೇ ಹೇಳಿದಳು:

“ಇವತ್ತಿಂದ ನಿನ್ನ ಹೆಸರು ಬೇರೆ. ನೀನು ನನ್ನ ದೊಡ್ಡ ಮಗಳು.”

ಹೇಳಿದ ಹೆಸರು ಅಜ್ಜಿಯ ಸತ್ತ ಅಕ್ಕನದು. ಆ ಅಕ್ಕ ಇವರೆಲ್ಲ ಬರುವ ಮೊದಲೇ ಜ್ವರದಲ್ಲಿ ಹೋಗಿದ್ದಳು. ಅಂದಿನಿಂದ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಅಪ್ಪ ಕೈಯಲ್ಲಿದ್ದ ಕಾಫಿ ಬಟ್ಟಲು ಕೆಳಗಿಟ್ಟು ಅಂಗಳಕ್ಕೆ ಎದ್ದುಹೋದ.

“ನನಗೆ ಏನನ್ನಿಸಿತು ಗೊತ್ತಾ?” ಎಂದರು ಅಜ್ಜಿ, ಪಾರ್ಕಿಂಗ್ ಲಾಟಿನಲ್ಲಿ ಕಾಫಿ ಕಪ್ಪಿನ ಮುಚ್ಚಳ ತಿರುವುತ್ತ. “ಅಕ್ಕ ವಾಪಸ್ ಬಂದಳು ಅನ್ನಿಸಿತು. ಆರು ವರ್ಷದವಳಿಗೆ ಇನ್ನೇನು ಅನ್ನಿಸುತ್ತೆ?”

ಮರುದಿನ ಅಮ್ಮ, ಆ ತಾಯಿ ಮಗಳು, ಜೊತೆಗೆ ಪುಟ್ಟ ಹುಡುಗಿಯಾಗಿದ್ದ ಅಜ್ಜಿ, ಹೇಸರಗತ್ತೆಗಳ ಮೇಲೆ ಹೊರಟರು. ವ್ಯಾಪಾರಿಯ ಹೆಂಡತಿಗೆ ಅಮ್ಮನ ಬಟ್ಟೆ ಉಡಿಸಿದ್ದರು. ಅವಳು ಬಾಯಿ ತೆರೆಯದಂತೆ ದವಡೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕೆನ್ನೆ ಊದಿದಂತೆ ಕಾಣಲೆಂದು ಬಾಯೊಳಗೆ ಒಂದು ಇಡೀ ಅಕ್ರೋಟು ಇಟ್ಟಿದ್ದರು. ಹಲ್ಲುನೋವಿನ ನಾದಿನಿ, ನಾಟಿ ಔಷಧಿಗೆ ತವರಿಗೆ ಕರೆದೊಯ್ಯುತ್ತಿದ್ದೇನೆ ಎಂಬುದು ಅಮ್ಮ ಕಟ್ಟಿಕೊಂಡ ಕಥೆ.

ಸೇತುವೆಯ ಮೇಲೆ ಒಬ್ಬ ಜರ್ಮನ್ ಸೈನಿಕ, ಅವನ ಪಕ್ಕ ಮಾತು ತಿಳಿಸಲು ಒಬ್ಬ ಸ್ಥಳೀಯ ಪೊಲೀಸ. ಪೊಲೀಸನನ್ನು ಕಂಡೊಡನೆ ಅಮ್ಮನ ಕೈ ಹಗ್ಗದ ಮೇಲೆ ಬಿಗಿಯಾಯಿತು. ಅವನು ಅವರದೇ ಊರಿನವನು. ಅವರ ಬೀದಿಯವನು. ಅಕ್ಕನನ್ನು ಮಣ್ಣು ಮಾಡಿದ ದಿನ ಬಂದು ಅಪ್ಪನ ಪಕ್ಕ ನಿಂತಿದ್ದವನು.

“ಯಾರಿವರು?” ಎಂದ.

ಅಮ್ಮ ನಾದಿನಿಯ ಹಲ್ಲುನೋವು ಹೇಳಿದಳು. “ಇವರಿಬ್ಬರು ನನ್ನ ಹೆಣ್ಣುಮಕ್ಕಳು.”

ಪೊಲೀಸ ದೊಡ್ಡ ಹುಡುಗಿಯ ಹತ್ತಿರ ಬಂದ. “ನಿನ್ನ ಹೆಸರೇನಮ್ಮ?”

ಹುಡುಗಿ ಅಕ್ಕನ ಹೆಸರು ಹೇಳಿದಳು. ತಡವರಿಸಲಿಲ್ಲ. ಗಟ್ಟಿಯಾಗಿ ಹೇಳಿದಳು.

ಅವನು ಅಮ್ಮನ ಮುಖ ನೋಡಿದ. ಅಮ್ಮ ಕಣ್ಣು ಕೆಳಗೆ ಮಾಡಲಿಲ್ಲ. ಆಮೇಲೆ ಅವನು ಸೈನಿಕನ ಕಡೆ ತಿರುಗಿ ಏನೋ ಹೇಳಿದ, ಸೈನಿಕ ಕೈಬೀಸಿದ. ಹೇಸರಗತ್ತೆಗಳು ಹೆಜ್ಜೆ ಎತ್ತಿದವು. ಪಕ್ಕದಲ್ಲಿ ಹಾಯುವಾಗ ಪೊಲೀಸ ಮೆಲ್ಲಗೆ ಒಂದು ಮಾತಂದ: “ದೊಡ್ಡವಳು ಚೆನ್ನಾಗಿ ಬೆಳೆದಿದ್ದಾಳೆ.”

ಇದನ್ನು ಇಂಗ್ಲಿಷಿಗೆ ತಂದು ಸೊಸೆ ಕೈಚೀಲದಲ್ಲಿ ಟಿಶ್ಯೂ ಹುಡುಕಿದಳು. ಅವಳು ಮದುವೆಯಾಗಿ ಬಂದ ಮೇಲೆ ಎಷ್ಟೋ ಸಲ ಕೇಳಿದ ಕಥೆ, ಆದರೂ.

“ಅವನಿಗೆ ಏನಾಯ್ತು, ಅಜ್ಜಿ?” ಎಂದು ಕೇಳಿದೆ.

“ಯುದ್ಧ ಮುಗಿದ ಮೇಲೆ ಅವನನ್ನು ಹಿಡಿದುಕೊಂಡು ಹೋದರು. ಜರ್ಮನ್ನರ ಜೊತೆ ನಿಂತಿದ್ದ ಅಂತ. ಅಪ್ಪ ಹೋಗಿ ಹೇಳಿದ, ಯಾರೂ ಕೇಳಲಿಲ್ಲ. ಅವನು ವಾಪಸ್ ಬರಲಿಲ್ಲ.”

ಬೆಟ್ಟದ ಹಳ್ಳಿಯಲ್ಲಿ ಅವರೆಲ್ಲ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ವ್ಯಾಪಾರಿ ಅಮ್ಮನ ಅಣ್ಣನ ಜೊತೆ ಮೇಕೆ ಕಾದ. ಅಜ್ಜಿಯ ಅಜ್ಜಿ, ಯಾರೂ ಕೇಳದೆಯೇ, ಅತಿಥಿಗಳಿಗೆ ಬೇರೆ ಮಡಕೆ ತೆಗೆದಿಟ್ಟಳು. ಅವರು ಈ ಮನೆಯಲ್ಲಿ ಕೊಯ್ದ ಮಾಂಸ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಮಡಕೆಯಲ್ಲಿ ಹುರುಳಿಕಾಯಿಯ ಬೀಜ, ಮೊಟ್ಟೆ ಬೇಯುತ್ತಿದ್ದವು. ಇವರದು ನಮಾಜಿನ ಮನೆ, ಅವರದು ಬೇರೆ ಪ್ರಾರ್ಥನೆ. ಎರಡೂ ಒಂದೇ ಸೂರಿನಡಿ ನಡೆದವು. ಹಳ್ಳಿಗೆಲ್ಲ ವಿಷಯ ಗೊತ್ತಿತ್ತು, ಹಳ್ಳಿಯ ಹೊರಗೆ ಒಬ್ಬರಿಗೂ ಗೊತ್ತಾಗಲಿಲ್ಲ.

ಜರ್ಮನ್ನರು ಹೋದ ಮೇಲೆ ವ್ಯಾಪಾರಿಯ ಸಂಸಾರ ತಮ್ಮವರಲ್ಲಿ ಯಾರು ಉಳಿದಿದ್ದಾರೆಂದು ಹುಡುಕಿಕೊಂಡು ಹೊರಟಿತು. ಮತ್ತೆ ಬರುತ್ತೇವೆ ಎಂದು ಹೋದವರು. ಅಷ್ಟರಲ್ಲಿ ಕಮ್ಯುನಿಸ್ಟರ ಹೊಸ ಸರ್ಕಾರ ಬಂತು, ಗಡಿ ಮುಚ್ಚಿತು, ಅಪ್ಪನ ಅಂಗಡಿ ಸರ್ಕಾರದ ಪಾಲಾಯಿತು. ಹೊರದೇಶದವರ ಹೆಸರೆತ್ತುವುದೇ ಅಪರಾಧ ಎನ್ನುವಂಥ ಕಾಲ ಬಹಳ ವರ್ಷ ನಡೆಯಿತು. ಅಮ್ಮ ಮಾತ್ರ ಯಾರಾದರೂ ಕೇಳಿದರೆ ತನಗೆ ಮೂವರು ಹೆಣ್ಣುಮಕ್ಕಳು ಎನ್ನುತ್ತಿದ್ದಳು. ಒಬ್ಬಳು ಮಣ್ಣಲ್ಲಿ, ಒಬ್ಬಳು ಮನೆಯಲ್ಲಿ, ಒಬ್ಬಳು ಎಲ್ಲೋ.

ಆ ‘ಎಲ್ಲೋ’ ಥಾರ್ನ್‌ಹಿಲ್ ಎಂದು ಗೊತ್ತಾದದ್ದು ಒಂದು ಬಾತ್‌ರೂಮಿನ ದೆಸೆಯಿಂದ. ಭುಜ ಮುರಿಯುವ ಮೊದಲು ಮಗ ಅಲ್ಲಿಯ ಒಂದು ಮನೆಯಲ್ಲಿ ಟೈಲ್ಸ್ ಹಾಕುತ್ತಿದ್ದ. ಊಟದ ಹೊತ್ತಿಗೆ ತಾಯಿಗೆ ಫೋನ್ ಮಾಡಿ ಅಲ್ಬೇನಿಯನ್ನಿನಲ್ಲಿ ಮಾತಾಡುವಾಗ ಆ ಮನೆಯ ಮುದುಕಿ ವಾಕರ್ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಒಂದು ಬೆಟ್ಟದ ಹಳ್ಳಿಯ ಹೆಸರು ಹೇಳಿ, ಅದು ಗೊತ್ತೇ ಎಂದು ಕೇಳಿದಳು. ಅವನ ಕೈಯ ಸಿಮೆಂಟು ಒಣಗುವವರೆಗೂ ಅವನು ಅಲ್ಲಾಡಲಿಲ್ಲವಂತೆ. ಅದು ಅವನ ತಾಯಿಯ ಅಮ್ಮನ ತವರು. ಫೋನನ್ನು ಮುದುಕಿಯ ಕೈಗೆ ಕೊಟ್ಟ. ಆ ಕಡೆಯಿಂದಲೂ ಈ ಕಡೆಯಿಂದಲೂ ಅಳು ಬಿಟ್ಟು ಬೇರೇನೂ ಬರಲಿಲ್ಲ. ಮುಂದಿನ ಭಾನುವಾರ ತಾಯಿಯನ್ನು ಕರೆತರುತ್ತೇನೆ ಎಂದಿದ್ದ. ಆ ವಾರದಲ್ಲೇ ಏಣಿಯಿಂದ ಬಿದ್ದ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಪಾಠ ಜೋರು ಮಾಡಿದೆ. ಕಲಿಯುವ ಲೈಸೆನ್ಸಿನವರು ದೊಡ್ಡ ಹೈವೇಗೆ ಇಳಿಯುವಂತಿಲ್ಲ, ಆದರೆ ಪಕ್ಕದಲ್ಲಿ ನಮ್ಮಂಥ ಕಲಿಸುವವರು ಇದ್ದರೆ ಇಳಿಯಬಹುದು. ಸಾಮಾನ್ಯವಾಗಿ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇವಳಿಗೆ ಬೇಗ ಮಾಡಿಸಿದೆ. ಮೊದಲ ದಿನ ನಾನೂರ ಒಂದನೇ ನಂಬರಿನ ಹೈವೇಗೆ ಸೇರುವ ರ‍್ಯಾಂಪಿನ ತುದಿಯಲ್ಲಿ, ಬೋಲ್ಟನ್ ಕಡೆಯ ಗೋದಾಮುಗಳಿಗೆ ಹೋಗುವ ಟ್ರಕ್ಕುಗಳ ಸಾಲು ಕಂಡು ಅವಳ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಹಿಂದಿನವನು ಹಾರ್ನ್ ಬಾರಿಸಿದ.

“ನಿಲ್ಲಬೇಡ. ಇಲ್ಲಿ ನಿಲ್ಲೋದೇ ಅಪಾಯ. ಆಕ್ಸಿಲರೇಟರ್ ಒತ್ತು, ಕನ್ನಡಿ ನೋಡು, ಜಾಗ ಕೇಳು.”

“ಕೊಡದಿದ್ದರೆ?”

“ಕೊಡ್ತಾರೆ. ನೀನು ಬರ್ತೀನಿ ಅಂತ ಅವರಿಗೆ ಗೊತ್ತಾಗಬೇಕು, ಅಷ್ಟೇ.”

ಹಿಂದಿನಿಂದ ಅಜ್ಜಿ ಏನೋ ಹೇಳಿದರು. ಗಾಡಿ ಓಡುವಾಗ ಮಾತು ಬೇಡವೆಂದು ನಾನು ಕೈ ಎತ್ತಿದೆ. ಆಗಲೇ ಸೊಸೆ ಒಂದು ಬಿಳಿ ಟ್ರಕ್ಕಿನ ಮುಂದೆ ನುಗ್ಗಿಯಾಗಿತ್ತು. ನಯವಾಗಿ ಅಲ್ಲ, ಆದರೆ ಸರಿಯಾಗಿ. ಆಮೇಲೆ ಪ್ಲಾಜಾದಲ್ಲಿ, ಅಜ್ಜಿ ಏನಂದರು ಎಂದು ಕೇಳಿದೆ. ಸೊಸೆ ನಾಚಿಕೊಂಡು ಹೇಳಿದಳು: “‘ಹೇಸರಗತ್ತೆಯೂ ಇದಕ್ಕಿಂತ ಬೇಗ ಹೋಗ್ತಿತ್ತು’ ಅಂದರು.”

ಅಕ್ಟೋಬರಿನ ಒಂದು ಭಾನುವಾರ, ಮೇಪಲ್ ಎಲೆಗಳು ಉದುರಿ ಬೀದಿಯೆಲ್ಲ ಕೆಂಪಾಗಿದ್ದ ದಿನ, ಹೊರಟೆವು. ಅಜ್ಜಿ ಪಾಲಕ್ ಮತ್ತು ಚೀಸ್ ತುಂಬಿದ ಪದರ ಪದರದ ಕಡುಬಿನಂಥದ್ದನ್ನು ದೊಡ್ಡ ತಟ್ಟೆಯಲ್ಲಿ ಬೇಯಿಸಿ, ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಗಾಡಿಯೊಳಗೆಲ್ಲ ಬೆಣ್ಣೆಯ ವಾಸನೆ. ನನ್ನ ಕಾಲು ನನ್ನ ಕಡೆಯ ಬ್ರೇಕಿನ ಮೇಲಿತ್ತು; ದಾರಿಯುದ್ದಕ್ಕೂ ಅದನ್ನು ಒತ್ತುವ ಪ್ರಸಂಗ ಬರಲಿಲ್ಲ. ಅಜ್ಜಿಗೆ ವಾಂತಿಯೂ ಬರಲಿಲ್ಲ. ಸೊಸೆ ಓಡಿಸುವಾಗ ಅವರ ಹೊಟ್ಟೆ ಸುಮ್ಮನಿರುತ್ತದೆ ಎಂಬುದು ನನಗೆ ಆಗಲೇ ಗೊತ್ತಾಗಿತ್ತು.

ಬಾಗಿಲು ತೆರೆದವಳು ಗೆಳತಿಯ ಮೊಮ್ಮಗಳು. ಅವಳ ಹಿಂದೆ, ಹಜಾರದ ನಡುವೆ, ವಾಕರ್ ಹಿಡಿದು ನಿಂತಿದ್ದ ಎತ್ತರದ ಹೆಂಗಸು ಕಂಡಳು. ಅಜ್ಜಿ ಹೊಸ್ತಿಲಲ್ಲೇ ನಿಂತು ಅಕ್ಕನ ಹೆಸರು ಕೂಗಿದರು. ಆ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ; ಅದು ಅವರ ಮನೆಯದು.

“ಬಂದೆ,” ಎಂದಳು ಗೆಳತಿ, ಅಲ್ಬೇನಿಯನ್ನಿನಲ್ಲಿ. ಅಂಗಳದಿಂದ ಊಟಕ್ಕೆ ಕರೆದರೆ ಓಗೊಡುವ ಮಗುವಿನಂತೆ.

ಅಪ್ಪಿಕೊಂಡು ಇಬ್ಬರೂ ಬಹಳ ಹೊತ್ತು ನಿಂತರು. ವಾಕರ್ ನಡುವೆ ಸಿಕ್ಕಿಹಾಕಿಕೊಂಡಿತ್ತು, ಮೊಮ್ಮಗಳು ಅದನ್ನು ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟಳು. ಮೊದಲು ಮಾತಾಡಿದವರು ಅಜ್ಜಿಯೇ. “ಎಷ್ಟು ದಪ್ಪ ಆಗಿದ್ದೀಯ!” ಎಂದರಂತೆ. ಸೊಸೆ ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದಳು.

ಆಮೇಲೆ ನಡೆದದ್ದು ವಿಚಿತ್ರ. ಆ ಗೆಳತಿಗೆ ಬರುವ ಅಲ್ಬೇನಿಯನ್ ಒಂಬತ್ತು ವರ್ಷದ ಹುಡುಗಿಯದು. ಅವಳು ಆ ವಯಸ್ಸಿನಲ್ಲಿ ಆ ನುಡಿಯನ್ನು ಬಿಟ್ಟುಬಂದಿದ್ದಳು. ನುಡಿ ಅಲ್ಲಿಯೇ ನಿಂತಿತ್ತು. ಮೇಕೆ, ಬಾವಿ, ಹುಲ್ಲಿನ ಅಟ್ಟ, ಕಣ್ಣಾಮುಚ್ಚಾಲೆ, ‘ನಿನ್ನ ಸರದಿ’, ‘ಅಮ್ಮಂಗೆ ಹೇಳ್ತೀನಿ’ ಎಲ್ಲ ಬರುತ್ತಿತ್ತು. ಗಂಡ, ಆಪರೇಷನ್, ಪೆನ್ಷನ್, ಸಾವು ಇವಕ್ಕೆ ಅವಳಲ್ಲಿ ಪದವೇ ಇರಲಿಲ್ಲ. ಹೀಗಾಗಿ ಮೊದಲ ಒಂದು ಗಂಟೆ ಇಬ್ಬರು ಮುದುಕಿಯರು ಬರೀ ಮೇಕೆ, ಬಾವಿ, ಅಟ್ಟದ ಬಗ್ಗೆ ಮಾತಾಡಿದರು. ಅಜ್ಜಿಯ ದನಿಯೂ ಎಳೆಯದಾಗುತ್ತ ಹೋಯಿತು. ಸೊಸೆಗೂ ಮೊಮ್ಮಗಳಿಗೂ ತರ್ಜುಮೆಯ ಕೆಲಸವೇ ಬೀಳಲಿಲ್ಲ. ನಾವು ಅಡುಗೆಮನೆಯಲ್ಲಿ ಕೂತು ಕಡುಬು ತಿಂದೆವು.

ಊಟವಾದ ಮೇಲೆ ಗೆಳತಿ ಸೊಸೆಯನ್ನು ಕರೆದಳು. ಇದಕ್ಕೆ ತನ್ನ ಮಾತು ಸಾಲದು, ಇಂಗ್ಲಿಷಿನಲ್ಲಿ ಹೇಳುತ್ತೇನೆ, ಸರಿಯಾಗಿ ತಿಳಿಸು ಎಂದಳು. ನಾನೂ ಹೋಗಿ ನಿಂತೆ.

“ನಮ್ಮಲ್ಲಿ ಸತ್ತವರ ದಿನ ದೀಪ ಹಚ್ಚುತ್ತೇವೆ,” ಎಂದಳು. “ಅಪ್ಪನಿಗೆ, ಅಮ್ಮನಿಗೆ ಹಚ್ಚುತ್ತೇನೆ. ನಿನ್ನ ಅಕ್ಕನಿಗೂ ಹಚ್ಚುತ್ತ ಬಂದಿದ್ದೇನೆ. ನನ್ನ ಜೀವ ಉಳಿದದ್ದು ಅವಳ ಹೆಸರಿನಿಂದ. ಆದರೆ ಅವಳು ತೀರಿಕೊಂಡ ದಿನ ನನಗೆ ಗೊತ್ತಿಲ್ಲ. ಯಾರನ್ನು ಕೇಳಲಿ? ಅದಕ್ಕೆ ನಾವು ಸೇತುವೆ ದಾಟಿದ ದಿನವೇ ಹಚ್ಚುತ್ತಿದ್ದೆ. ಅದು ತಪ್ಪಾಗಿದ್ದರೆ ಸರಿಯಾದ ದಿನ ಹೇಳು. ಇನ್ನು ಮುಂದೆ ಅವತ್ತೇ ಹಚ್ಚುತ್ತೇನೆ.”

ಸೊಸೆ ಅದನ್ನು ಅಲ್ಬೇನಿಯನ್ನಿನಲ್ಲಿ ತಿಳಿಸಿದಳು. ಅಜ್ಜಿ ಅಳಲಿಲ್ಲ. ಯೋಚಿಸಿದರು.

“ಪ್ಲಮ್ ಮರ ಹೂ ಬಿಟ್ಟಿತ್ತು. ಅಷ್ಟೇ ನನಗೆ ಗೊತ್ತು, ನಾನಿನ್ನೂ ಚಿಕ್ಕವಳು. ದಿನ ಗೊತ್ತಿದ್ದವಳು ಅಮ್ಮ ಒಬ್ಬಳೇ.” ಗೆಳತಿಯ ಕೈ ತೊಡೆಯ ಮೇಲೆ ತೆಗೆದುಕೊಂಡರು. “ಸೇತುವೆಯ ದಿನವೇ ಇರಲಿ. ಆ ದಿನ ಅವಳೂ ನಮ್ಮ ಜೊತೆ ಬಂದಿದ್ದಳಲ್ಲ.”

ವಾಪಸು ಬರುವಾಗ ಅಜ್ಜಿ ನಿದ್ದೆ ಹೋದರು. ಸೊಸೆ ಲೇನ್ ಬದಲಿಸಿದ್ದು, ಟ್ರಕ್ಕುಗಳನ್ನು ದಾಟಿದ್ದು, ಇಳಿಯುವ ರ‍್ಯಾಂಪ್ ಹಿಡಿದದ್ದು ಯಾವುದಕ್ಕೂ ನಾನು ಬಾಯಿ ತೆರೆಯಬೇಕಾಗಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, “ಹೇಗಿತ್ತು, ಟೀಚರ್?” ಎಂದಳು. ಪಾರ್ಕಿಂಗ್ ಇನ್ನೂ ವಕ್ರ ಇದೆ ಎಂದೆ. ಇತ್ತು ಕೂಡ.

ಚಳಿಗಾಲಕ್ಕೆ ಮುಂಚೆ ಅವಳು ಟೆಸ್ಟ್ ಪಾಸಾದಳು. ಮೊದಲ ಸಲಕ್ಕೇ. ಭುಜ ಸರಿಹೋದ ಮೇಲೆ ಮಗ, ಇನ್ನು ನಾನೇ ಓಡಿಸುತ್ತೇನೆ ಎಂದನಂತೆ. ಅವಳು ಕೀ ಕೊಡಲಿಲ್ಲ. ಅಜ್ಜಿಯೂ ಕೊಡಬೇಡ ಎಂದರು. ಮಗನ ಪಕ್ಕ ಕೂತರೆ ತಲೆ ಸುತ್ತುತ್ತದಂತೆ. ಹಿಮ ಸುರಿದ ಭಾನುವಾರಗಳನ್ನು ಬಿಟ್ಟರೆ ಒಂದನ್ನೂ ತಪ್ಪಿಸದೆ ಅವರು ಹೋಗಿ ಬರುತ್ತಿದ್ದಾರೆ. ಈಗ ಹೊಸ ಗಂಡಸರು ಹೆಂಗಸರು ನನ್ನ ಹತ್ತಿರ ಕಲಿಯಲು ಬಂದು, ಹೈವೇ ನಮ್ಮಿಂದಾಗದು ಎಂದಾಗ ನಾನು ಈ ಸೊಸೆಯ ವಿಷಯ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಒಮ್ಮೆ ಸೊಸೆ ಇಬ್ಬರನ್ನೂ ಪೋರ್ಟ್ ಕ್ರೆಡಿಟ್‌ಗೆ ಕರೆತಂದಳು. ನನ್ನನ್ನೂ ಬರಹೇಳಿದಳು. ಸರೋವರದ ದಡದ ಬೆಂಚಿನಲ್ಲಿ ಇಬ್ಬರೂ ಐಸ್‌ಕ್ರೀಮ್ ಹಿಡಿದು ಕೂತಿದ್ದರು. ನಾನು ಹೋಗುವಷ್ಟರಲ್ಲಿ ಜೋರು ವಾದ ನಡೆದಿತ್ತು. ಗೆಳತಿಯ ಮಾತು ಈಗ ಒಂಬತ್ತು ವರ್ಷ ದಾಟಿ ಮುಂದೆ ಬಂದಿದೆ. ಬೈಯುವುದಕ್ಕೆ ಬೇಕಾದಷ್ಟು ಕಲಿತಿದ್ದಾಳೆ.

“ಏನಂತೆ?” ಎಂದು ಸೊಸೆಯನ್ನು ಕೇಳಿದೆ.

“ಅತ್ತೆ ಎರಡು ಹೇಸರಗತ್ತೆ ಅಂತಾರೆ. ಗೆಳತಿ ಒಂದು ಹೇಸರಗತ್ತೆ, ಒಂದು ಬರೀ ಕತ್ತೆ ಅಂತಾರೆ. ತಾವು ಕತ್ತೆ ಮೇಲೆ ಕೂತಿದ್ದು, ತಮಗೆ ಚೆನ್ನಾಗಿ ನೆನಪಿದೆಯಂತೆ.”

“ಇಷ್ಟಕ್ಕೆ ಜಗಳವೇ?”

“ಅಕ್ರೋಟೂ ಅಲ್ಲವಂತೆ. ಬಾಯಲ್ಲಿ ಇಟ್ಟದ್ದು ಬೆಳ್ಳುಳ್ಳಿ ಗಡ್ಡೆ. ಸಾಯೋವರೆಗೂ ಅವರಮ್ಮ ಬೆಳ್ಳುಳ್ಳಿ ಮುಟ್ಟಲಿಲ್ಲವಂತೆ.”

ಅಜ್ಜಿ ಅಕ್ರೋಟು ಬಿಟ್ಟುಕೊಡಲು ಒಪ್ಪಲಿಲ್ಲ. ಐಸ್‌ಕ್ರೀಮಿನ ಚಮಚವನ್ನು ನನ್ನ ಕಡೆ ತೋರಿಸಿ ಏನೋ ಕೇಳಿದರು.

“ಟೀಚರ್ ಹೇಳಲಿ ಅಂತಿದ್ದಾರೆ,” ಎಂದಳು ಸೊಸೆ.

“ನಾನು ಹೆಂಗ ಹೇಳ್ಲಿ? ನಾ ಅಲ್ಲಿ ಇದ್ದಿದ್ದಿಲ್ಲ,” ಎಂದೆ, ಕನ್ನಡದಲ್ಲೇ.

ಅವಳು ಅದನ್ನು ಅಂದಾಜಿನ ಮೇಲೆ ತರ್ಜುಮೆ ಮಾಡಿದಳು. ಅಜ್ಜಿ ಹುಬ್ಬೇರಿಸಿ, ಇಷ್ಟು ಸಲ ಕೇಳಿದ ಮೇಲೂ ಇದ್ದಿಲ್ಲ ಅಂದರೆ ಏನರ್ಥ ಎಂದು ರೇಗಿ, ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೂ ಜಾಗ ಮಾಡಿದರು.